ಪಯಸ್ವಿನಿಯ ದಂಡೆಯಲ್ಲಿ ನಿಂತ ವ್ಯಾನಿಗೆ ಚಂದನ ವಾಹಿನಿ ಹಿಡಿದ ಲೆಕ್ಕ

ನಮ್ಮ ವಾಹನ ಹಳೆಯದೊಂದು ಟೆಂಪೊ ಟ್ರಾವೆಲ್ಲರ್. ಹಿಂದಿನ ಸೀಟುಗಳನ್ನು ತೆಗೆಸಿ, ಸಾರಿಗೆ ಕಚೇರಿಯಲ್ಲಿ ಬದಲಾವಣೆಯನ್ನು ದಾಖಲಿಸಿ, ಎರಡು ಮಂಚ, ಒಂದು ಗ್ಯಾಸ್ ಒಲೆ, ಮಾಡಿನ ಮೇಲೊಂದು ಸೌರ ಫಲಕ ಮತ್ತು 100 ಆಂಪಿಯರ್-ಅವರ್‌ನ ಎರಡನೆಯ ಬ್ಯಾಟರಿಯನ್ನು ಕೂರಿಸಿಕೊಂಡಿದ್ದೇವೆ. ಬದಿಯಡ್ಕದ ನಮ್ಮ ಮನೆಯಿಂದ ಹೊರಟು ಮುಳ್ಳೇರಿಯ ದಾಟಿ, ಅಡೂರಿನ ಆಚೆ, ಪಯಸ್ವಿನಿಯ ದಂಡೆಯಲ್ಲಿರುವ ಭಾವನ ಅಡಿಕೆ ತೋಟದ ಕೆಳಗಿನ ಗದ್ದೆಯಲ್ಲಿ ಡಿಸೆಂಬರ್ ರಜೆಯ ಮೂರು ರಾತ್ರಿ ಕಳೆಯಬೇಕೆಂಬುದು ಯೋಜನೆಯಾಗಿತ್ತು. ಆ ಗದ್ದೆಯಲ್ಲಿ ಮೊಬೈಲಿಗೆ ಒಂದು ಗೆರೆಯೂ ಬರುವುದಿಲ್ಲ. ನಮಗೆ ಅದೇ ಬೇಕಾಗಿತ್ತು. ಆದರೆ ಎಪ್ಪತ್ತೆಂಟರ ಅಪ್ಪನಿಗೆ ಬೇಡವಾಗಿತ್ತು. "ವಾರ್ತೆ ಇಲ್ಲದ ಜಾಗದಲ್ಲಿ ಮೂರು ದಿವಸ ನಾನು ಎಂತ ಮಾಡುವುದು? ನೀವು ಹೋಗಿ ಬನ್ನಿ" ಎಂದುಬಿಟ್ಟರು. ಸಂಜೆಯ ಕನ್ನಡ ವಾರ್ತೆ ವ್ಯಾನಿನೊಳಗೆ ಬರಬೇಕು ಎಂಬ ಒಂದೇ ಗುರಿಯಿಂದ ಹಿಡಿದ ಕೆಲಸ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಎಳೆಯಿತು. ಆದದ್ದನ್ನು ಆದ ಕ್ರಮದಲ್ಲಿಯೇ, ನನ್ನ ತಪ್ಪುಗಳನ್ನು ಮುಚ್ಚಿಡದೆ ಬರೆದಿದ್ದೇನೆ.

ಅಕ್ಟೋಬರ್ 6, 2024: ಹಳೆಯ ಆಂಟೆನಾದ ಮೋಹ

ನಾವು ಸಣ್ಣವರಿದ್ದಾಗ ಅಡಿಕೆ ಮರದ ಕಂಬದ ತುದಿಗೆ ಮೀನಿನ ಮುಳ್ಳಿನಂತಹ ಆಂಟೆನಾ ಕಟ್ಟಿ, ಒಬ್ಬರು ಕಂಬ ತಿರುಗಿಸುವುದು, ಇನ್ನೊಬ್ಬರು ಕಿಟಕಿಯ ಬಳಿ ನಿಂತು "ಬಂತು, ಬಂತು, ಹೋಯಿತು" ಎಂದು ಕೂಗುವುದು ನಡೆಯುತ್ತಿತ್ತು. ಆ ನೆನಪಿನ ಬಲದಿಂದ ಪೇಟೆಯ ಅಂಗಡಿಯೊಂದರಲ್ಲಿ 600 ರೂಪಾಯಿ ಕೊಟ್ಟು ಅಂತಹದೇ ಆಂಟೆನಾ ತಂದೆ. ವ್ಯಾನಿನ ಪಕ್ಕದಲ್ಲಿ ಮೂರು ಮೀಟರ್ ಎತ್ತರದ ಬಿದಿರಿಗೆ ಕಟ್ಟಿ, ಟಿವಿಯಲ್ಲಿ ಹುಡುಕಾಟ ಕೊಟ್ಟೆ. ಎಂಟು ದಿಕ್ಕಿಗೂ ತಿರುಗಿಸಿದರೂ ಒಂದು ವಾಹಿನಿಯೂ ಸಿಗಲಿಲ್ಲ. ದೂರದರ್ಶನವು ತನ್ನ ಹಳೆಯ ಅನಲಾಗ್ ಭೂ ಪ್ರಸಾರ ಕೇಂದ್ರಗಳಲ್ಲಿ ಆಯಕಟ್ಟಿನ ಜಾಗಗಳ ಸುಮಾರು 50ನ್ನು ಬಿಟ್ಟು ಉಳಿದವನ್ನು 2022ರ ಮಾರ್ಚ್ ಅಂತ್ಯದೊಳಗೆ ಮುಚ್ಚುವುದಾಗಿ ಮೊದಲೇ ತಿಳಿಸಿತ್ತು. ಇದು ಹುಡುಕಿದರೆ ಐದು ನಿಮಿಷದಲ್ಲಿ ತಿಳಿಯುವ ವಿಷಯ. ಅಂಗಡಿಯವನನ್ನು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಂಟೆನಾ ಈಗ ಹಿತ್ತಿಲಿನಲ್ಲಿ ಅಲಸಂಡೆ ಬಳ್ಳಿಗೆ ಆಸರೆಯಾಗಿದೆ. ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ.

ಅಕ್ಟೋಬರ್ 13: ಫ್ರೀ ಡಿಶ್ ಖರೀದಿ, ಅಂಗಳದ ಪರೀಕ್ಷೆ

ಉಳಿದ ದಾರಿ ಉಪಗ್ರಹದ್ದು. ಮನೆಯಲ್ಲಿರುವ ಖಾಸಗಿ ಡಿಟಿಎಚ್ ಬಾಕ್ಸನ್ನು ಕಿತ್ತುಕೊಂಡು ಹೋದರೆ ಮನೆಯಲ್ಲಿಯೇ ಉಳಿಯುವ ಅಮ್ಮನ ಧಾರಾವಾಹಿಗಳು ನಿಲ್ಲುತ್ತವೆ. ವರ್ಷಕ್ಕೆ ಹತ್ತು ದಿನದ ಬಳಕೆಗೆ ಎರಡನೆಯ ಸಂಪರ್ಕ ತೆಗೆದುಕೊಂಡು ತಿಂಗಳು ತಿಂಗಳು ಹಣ ಕಟ್ಟುವುದೂ ಅರ್ಥವಿಲ್ಲದ ಮಾತು. ದೂರದರ್ಶನದ ಫ್ರೀ ಡಿಶ್ ಸೇವೆಗೆ ಮಾಸಿಕ ಶುಲ್ಕವಿಲ್ಲ. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸೇವೆ ಈಗ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ಅದರಲ್ಲಿ ದೂರದರ್ಶನದ ಕನ್ನಡ ವಾಹಿನಿ ಚಂದನವೂ ಇದೆ. ಹಾಗಾಗಿ 60 ಸೆಂ.ಮೀ. ಅಗಲದ ಡಿಶ್ ಮತ್ತು ಅದರ ತೋಳಿನ ತುದಿಯಲ್ಲಿ ಕೂತು ಸಂಕೇತ ಹಿಡಿಯುವ ಎಲ್.ಎನ್.ಬಿ.ಗೆ 650, ಎಂಪೆಗ್-4 ಬಾಕ್ಸಿಗೆ 1,150, ಸಂಕೇತ ಸಿಕ್ಕಾಗ ಕೂಗುವ ಸಣ್ಣ ಫೈಂಡರ್ ಮೀಟರಿಗೆ 350, ಮೀಟರಿಗೆ 20ರ ದರದಲ್ಲಿ 20 ಮೀಟರ್ ಆರ್‌ಜಿ-6 ಕೇಬಲಿಗೆ 400, ಆರು ಎಫ್ ಕನೆಕ್ಟರುಗಳಿಗೆ 60 ರೂಪಾಯಿ ಕೊಟ್ಟೆ.

ಅಂಗಡಿಯ ಹುಡುಗನೇ ಬಂದು ಅಂಗಳದಲ್ಲಿ ಡಿಶ್ ನಿಲ್ಲಿಸಿ, ಕಣ್ಣಂದಾಜಿನಿಂದಲೇ ತಿರುಗಿಸಿ, ಹತ್ತು ನಿಮಿಷದೊಳಗೆ ಚಿತ್ರ ತರಿಸಿದ. ಆ ಹತ್ತು ನಿಮಿಷ ನಾನು ಒಳಗೆ ಅವನಿಗೆ ಚಹಾ ಮಾಡಿಸುತ್ತಿದ್ದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ನಷ್ಟ ತಂದದ್ದು ಆ ಚಹಾ. ಡಿಶ್ಶಿನ ಓರೆ ಎಷ್ಟು, ಎಲ್.ಎನ್.ಬಿ. ಎಷ್ಟು ತಿರುಗಿದೆ, ಇವು ಯಾವುದನ್ನೂ ನಾನು ನೋಡಲಿಲ್ಲ, ಬರೆದುಕೊಳ್ಳಲಿಲ್ಲ. ಸಾಲದ್ದಕ್ಕೆ, ವಾರದ ಕೊನೆಗೆ ಎಲ್ಲವನ್ನೂ ಕಟ್ಟಿಡುವಾಗ ಜಾಗ ಉಳಿಸಲೆಂದು ಎಲ್.ಎನ್.ಬಿ.ಯನ್ನು ಅದರ ತೋಳಿನಿಂದ ಬಿಚ್ಚಿ ಚೀಲಕ್ಕೆ ಹಾಕಿದೆ. ಪೆನ್ನಿನಿಂದ ಒಂದು ಗೆರೆ ಎಳೆದಿದ್ದರೂ ಸಾಕಿತ್ತು.

ಅದಕ್ಕೂ ಮೊದಲು, ಅದೇ ವಾರ ಒಂದು ಸಂಜೆ ತುಲಾ ಮಳೆ ಗುಡುಗಿನೊಂದಿಗೆ ಸುರಿದಾಗ ಚಿತ್ರವು ಚೌಕ ಚೌಕವಾಗಿ ಒಡೆದು, ಹತ್ತು ನಿಮಿಷ ಸಂಪೂರ್ಣವಾಗಿ ಮಾಯವಾಯಿತು. ಡಿಟಿಎಚ್ ಪ್ರಸಾರ ಬರುವ ಕೆಯು ಬ್ಯಾಂಡಿನ ಸಂಕೇತಗಳನ್ನು ದಪ್ಪ ಹನಿಯ ಮಳೆ ಹೀರಿಕೊಳ್ಳುತ್ತದೆ; ಇದಕ್ಕೆ ದುರಸ್ತಿಯಿಲ್ಲ, ಮಳೆ ನಿಲ್ಲುವವರೆಗೆ ಕಾಯಬೇಕು. ಗುಡುಗಿನ ಸದ್ದು ಕೇಳಿದ ಕೂಡಲೇ ಕೇಬಲನ್ನು ಬಾಕ್ಸಿನಿಂದ ಕಳಚುವ ಅಭ್ಯಾಸವನ್ನು ಮಾತ್ರ ಅಂದಿನಿಂದಲೇ ಮಾಡಿಕೊಂಡೆವು.

ಅಕ್ಟೋಬರ್ 20ರಿಂದ ನವೆಂಬರ್ 3: ವಿದ್ಯುತ್ತಿನ ಗೋಜಲು

ವ್ಯಾನಿನಲ್ಲಿರುವುದು 24 ಇಂಚಿನ, 12 ವೋಲ್ಟಿನ ಅಡಾಪ್ಟರಿನಲ್ಲಿ ನಡೆಯುವ ಟಿವಿ. ಬಾಕ್ಸಿನದ್ದೂ 12 ವೋಲ್ಟಿನ ಅಡಾಪ್ಟರ್. ಹಾಗಿರುವಾಗ ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರಿನಿಂದ 230ಕ್ಕೆ ಏರಿಸಿ, ಪುನಃ ಅಡಾಪ್ಟರಿನಿಂದ 12ಕ್ಕೆ ಇಳಿಸುವುದು ಹೊಳೆಯ ನೀರನ್ನು ಬಾವಿಗೆ ಸುರಿದು ಸೇದಿದಂತೆ. ಮೊದಲು ಹಾಗೆಯೇ ಮಾಡಿದೆ. ಇನ್ವರ್ಟರಿನ ಫ್ಯಾನಿನ ಸದ್ದು ವಾರ್ತೆಯ ಸದ್ದನ್ನು ಮೀರಿಸಿದ್ದರಿಂದ ಆ ದಾರಿ ಬಿಟ್ಟೆ.

ನೇರವಾಗಿ ಬ್ಯಾಟರಿಯಿಂದಲೇ ತಂತಿ ಎಳೆಯುವಾಗ ಮನೆಯಲ್ಲಿ ಉಳಿದಿದ್ದ 0.75 ಚದರ ಮಿ.ಮೀ. ತಂತಿಯನ್ನು ಬಳಸಿದೆ. ಬ್ಯಾಟರಿ ಹಿಂದೆ, ಟಿವಿ ಮುಂದೆ; ನಡುವೆ ಏಳು ಮೀಟರ್. ಟಿವಿ ಚೆನ್ನಾಗಿ ನಡೆಯಿತು, ಆದರೆ ಬಾಕ್ಸು ಎರಡು ಮೂರು ನಿಮಿಷಕ್ಕೊಮ್ಮೆ ತಾನಾಗಿ ಆರಿ ಹೊತ್ತಿಕೊಳ್ಳುತ್ತಿತ್ತು. ನಾನು ಸಂಶಯಪಟ್ಟದ್ದು ಬಾಕ್ಸನ್ನು. ಕಾಸರಗೋಡಿಗೆ ಹೋಗಿ ಅಂಗಡಿಯವರೊಂದಿಗೆ ವಾದಿಸಿ ಬದಲಾಯಿಸಿಕೊಂಡು ಬಂದೆ. ಹೊಸ ಬಾಕ್ಸೂ ಹಾಗೆಯೇ ಮಾಡಿತು. ಎರಡನೆಯ ಭಾನುವಾರವೂ ಕಳೆದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿದರೆ, ಬ್ಯಾಟರಿಯ ತುದಿಯಲ್ಲಿ 12.3 ವೋಲ್ಟ್, ಟಿವಿ ಮತ್ತು ಬಾಕ್ಸು ನಡೆಯುತ್ತಿರುವಾಗ ತಂತಿಯ ಈ ತುದಿಯಲ್ಲಿ 11.3. ಎರಡೂ ಸೇರಿ ಎಳೆಯುವುದು ಸುಮಾರು 3 ಆಂಪಿಯರ್. ಹೋಗಿ ಬರುವ ಹದಿನಾಲ್ಕು ಮೀಟರ್ ಸಪೂರ ತಂತಿ ಒಂದು ಇಡೀ ವೋಲ್ಟನ್ನು ನುಂಗುತ್ತಿತ್ತು. ನಿರಪರಾಧಿ ಬಾಕ್ಸನ್ನು ಬದಲಾಯಿಸಿಕೊಟ್ಟ ಅಂಗಡಿಯವರಲ್ಲಿ ಮುಂದೊಮ್ಮೆ ಹೋದಾಗ ವಿಷಯವನ್ನು ಹೇಳಿ ಕ್ಷಮೆ ಕೇಳಿದೆ.

2.5 ಚದರ ಮಿ.ಮೀ. ತಂತಿ ಹಾಕಿದ ಮೇಲೆ ಇಳಿತ 0.3 ವೋಲ್ಟಿಗೆ ಬಂತು. ತಂತಿಗೆ 540 ರೂಪಾಯಿ ಆಯಿತು. ಎಂಜಿನ್ ಓಡುವಾಗ ಇದೇ ತಂತಿಯಲ್ಲಿ 14.4 ವೋಲ್ಟ್ ಬರುವುದರಿಂದ, ಒಳಬರುವುದು ಹೆಚ್ಚಿರಲಿ ಕಡಿಮೆಯಿರಲಿ ಹೊರಗೆ 12 ವೋಲ್ಟನ್ನೇ ಕೊಡುವ ಪರಿವರ್ತಕವೊಂದನ್ನು 650 ರೂಪಾಯಿಗೆ ತಂದು ಟಿವಿಯ ಹಿಂದೆ ಕೂರಿಸಿದೆ. ಬ್ಯಾಟರಿಯ ಬುಡದಲ್ಲಿ 5 ಆಂಪಿಯರಿನ ಫ್ಯೂಸು ಇದೆ. ಮೂರು ಗಂಟೆ ಟಿವಿ ನೋಡಿದರೆ ಖರ್ಚಾಗುವುದು ಸುಮಾರು 9 ಆಂಪಿಯರ್-ಅವರ್. ಮರುದಿನ ಹತ್ತು ಗಂಟೆಯ ಬಿಸಿಲಿಗೆ ಅದು ತುಂಬಿಕೊಳ್ಳುತ್ತದೆ.

ನವೆಂಬರ್ 17: ಮುಕ್ಕಾಲಿ

ವ್ಯಾನಿನ ಮಾಡಿಗೆ ಡಿಶ್ಶನ್ನು ಖಾಯಂ ಆಗಿ ಬಿಗಿಯಬಾರದೆಂದು ಮೊದಲೇ ನಿರ್ಧರಿಸಿದ್ದೆ. ನಮ್ಮ ತೋಟದ ದಾರಿಗಳಲ್ಲಿ ತಲೆಗೆ ತಾಗುವ ತೆಂಗಿನ ಮಡಲುಗಳೇ ಅದನ್ನು ಕಿತ್ತುಹಾಕುತ್ತವೆ. ಅಲ್ಲದೆ, ಮಂಚದಲ್ಲಿ ಒಬ್ಬರು ಮಗ್ಗುಲು ಬದಲಾಯಿಸಿದರೂ ವ್ಯಾನು ಸ್ಪ್ರಿಂಗಿನ ಮೇಲೆ ಓಲಾಡುತ್ತದೆ. ಹಾಗಾಗಿ ಮುಳ್ಳೇರಿಯದ ವೆಲ್ಡಿಂಗ್ ಅಂಗಡಿಯಲ್ಲಿ 1.2 ಮೀಟರ್ ಎತ್ತರದ ಒಂದಿಂಚಿನ ಜಿಐ ಪೈಪಿಗೆ ಬೋಲ್ಟಿನಿಂದ ಬಿಚ್ಚಿ ಮಡಚಬಹುದಾದ ಮೂರು ಕಾಲುಗಳನ್ನು ಮಾಡಿಸಿದೆ. ಕೂಲಿ, ಸಾಮಾನು ಸೇರಿ 900 ರೂಪಾಯಿ.

ಒಂದಿಂಚಿನ ಪೈಪಿನ ಹೊರಸುತ್ತಿನ ವ್ಯಾಸ ಒಂದಿಂಚಲ್ಲ, 33.7 ಮಿ.ಮೀ. ಎಂಬುದು ನನಗೆ ಗೊತ್ತಿತ್ತು; ಡಿಶ್ಶಿನ ಹಿಡಿಕೆಯ ಒಳವ್ಯಾಸ ಅದಕ್ಕಿಂತ ಸುಮಾರು 6 ಮಿ.ಮೀ. ಹೆಚ್ಚಿದೆ ಎಂಬುದನ್ನು ಅಳೆಯಲಿಲ್ಲ. ಒಂದೂಕಾಲು ಇಂಚಿನ ಪೈಪಿನ ಹೊರವ್ಯಾಸ 42.4 ಮಿ.ಮೀ. ಆದ್ದರಿಂದ ಅದು ಒಳಗೇ ಹೋಗುವುದಿಲ್ಲ. ಕೊನೆಗೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಪೈಪಿಗೆ ಎರಡು ಸುತ್ತು ಸುತ್ತಿ ಬಿಗಿದದ್ದು ಇಂದಿಗೂ ಹಾಗೆಯೇ ಇದೆ. ಈ ರಬ್ಬರಿನಿಂದ ಒಂದು ಲಾಭವೂ ಆಯಿತು: ಬೋಲ್ಟನ್ನು ಅರೆಬಿಗಿದಿಟ್ಟರೆ ಡಿಶ್ಶು ತಾನಾಗಿ ಜಾರುವುದಿಲ್ಲ, ಕೈಯಿಂದ ನೂಕಿದರೆ ಮಾತ್ರ ತಿರುಗುತ್ತದೆ.

ಡಿಸೆಂಬರ್ 24: ಹಲಸಿನ ನೆರಳು

ಮಧ್ಯಾಹ್ನ ಮೂರಕ್ಕೆ ತಲುಪಿದೆವು. ಗದ್ದೆಯ ಅಂಚಿನಲ್ಲಿ ದೊಡ್ಡದೊಂದು ಹಲಸಿನ ಮರ. ಅದರ ಕೆಳಗೆ ವ್ಯಾನು ನಿಲ್ಲಿಸಿದರೆ ಒಳಗೆ ಮಧ್ಯಾಹ್ನವೂ ತಂಪು. ಅಲ್ಲಿಯೇ ನಿಲ್ಲಿಸಿ, ಪಕ್ಕದಲ್ಲಿಯೇ ಮುಕ್ಕಾಲಿ ಇಟ್ಟೆ. ನಮ್ಮ ಕಡೆಯಿಂದ ಜಿಸ್ಯಾಟ್-15 ಕಾಣಬೇಕಾದದ್ದು ಉತ್ತರದಿಂದ ಪ್ರದಕ್ಷಿಣೆಯಾಗಿ 123 ಡಿಗ್ರಿ ದಿಕ್ಕಿನಲ್ಲಿ, ಅಂದರೆ ಪೂರ್ವದಿಂದ 33 ಡಿಗ್ರಿ ದಕ್ಷಿಣಕ್ಕೆ, ನೆಲದಿಂದ 64 ಡಿಗ್ರಿ ಎತ್ತರದಲ್ಲಿ. ಈ ಅಂಕಿಗಳನ್ನು ಮನೆಯಿಂದಲೇ ಬರೆದು ತಂದಿದ್ದೆ.

ಭಾವ ಬಂದು ನೋಡಿದವರು, "ಪೂರ್ವಕ್ಕೆ ಗುಡ್ಡೆ ಉಂಟಲ್ಲ ಮಾರಾಯ, ಮೊಬೈಲೇ ಬಾರದ ಜಾಗಕ್ಕೆ ಇದು ಬರ್ತದಾ?" ಎಂದರು. ಅವರ ಸಂಶಯ ಸಹಜವಾದದ್ದು, ಆದರೆ ಇಲ್ಲಿ ಗುಡ್ಡೆಯ ಭಯವಿಲ್ಲ. ಮೊಬೈಲಿನ ಗೋಪುರ ಗುಡ್ಡೆಯ ಆಚೆ ನೆಲದ ಮೇಲಿದೆ. ಉಪಗ್ರಹ ನಮ್ಮ ಈ ದಕ್ಷಿಣದ ಊರುಗಳಿಗೆ ನೆತ್ತಿಯ ಕಡೆಗೇ ಹೆಚ್ಚು ವಾಲಿದೆ. ಗದ್ದೆಯಿಂದ ಆ ಗುಡ್ಡೆಯ ತಲೆ 20 ಡಿಗ್ರಿಗಿಂತ ಮೇಲೆ ಏಳುವುದಿಲ್ಲ. ಹೀಗೆಂದು ಭಾವನಿಗೆ ವಿವರಿಸುತ್ತಾ ನಾನು ಹಲಸಿನ ಮರವನ್ನು ಮರೆತೆ.

ಮರೆಯಲು ಕಾರಣ ಡಿಶ್ಶಿನ ಆಕಾರ. ಇದು ಆಫ್‌ಸೆಟ್ ಡಿಶ್. ಅಂದರೆ ಅದರ ಮುಖ ನೋಡುತ್ತಿರುವಂತೆ ಕಾಣುವ ದಿಕ್ಕಿಗಿಂತ ಇಪ್ಪತ್ತೆರಡು ಡಿಗ್ರಿಗೂ ಹೆಚ್ಚು ಮೇಲಿನಿಂದ ಬರುವ ಸಂಕೇತವನ್ನು ಅದು ಹಿಡಿಯುತ್ತದೆ. ಡಿಶ್ಶಿನ ಎದುರಿಗೆ ನೋಡಿದರೆ ಕೊಂಬೆಗಳ ಕೆಳಗೆ ಬಯಲು, ಅದರಾಚೆ ಆಕಾಶ; ಅಡ್ಡಿಯೇ ಇಲ್ಲವೆಂದು ತೋರಿತು. ನಿಜವಾಗಿ ಸಂಕೇತ ಬರಬೇಕಾದ ದಾರಿ ಹಲಸಿನ ಎಲೆಗಳ ಒತ್ತಿನ ನಡುವೆ ಇತ್ತು. ಮೀಟರ್ ಅಲ್ಲಲ್ಲಿ ಸಣ್ಣಗೆ ಕೂಗುತ್ತಲೂ ಇತ್ತು. ಬಿಸಿಲಿಗೆ ಕಾದ ಮರ, ಗೋಡೆ, ನೆಲ ಇವುಗಳ ಕಡೆಗೆ ತಿರುಗಿಸಿದರೂ ಈ ಅಗ್ಗದ ಮೀಟರುಗಳು ಕೂಗುತ್ತವೆ ಎಂಬುದು ತಿಳಿಯದೆ, ಪ್ರತಿ ಕೂಗಿಗೂ ಒಂದೊಂದು ಸಲ ಹುಡುಕಾಟ ಕೊಡುತ್ತಾ ಕತ್ತಲಾಗುವವರೆಗೆ ಕಳೆದೆ. ಅಪ್ಪ ಒಂದೂ ಮಾತಾಡದೆ ಹಿಂದಿನ ದಿನದ ಪತ್ರಿಕೆಯನ್ನು ಇನ್ನೊಮ್ಮೆ ಓದಿದರು.

ರಾತ್ರಿ ಊಟದ ಮೇಲೆ ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ನೂಲು ಕಟ್ಟಿ, ನೂಲಿನ ತುದಿಗೆ ಒಂದು ನಟ್ಟು ತೂಗಿಬಿಟ್ಟು, ಅಂಚಿನಿಂದ ಕಣ್ಣು ಹಾಯಿಸಿ ಕೋನ ಅಳೆಯುವ ಸಾಧನ ಮಾಡಿಕೊಂಡೆ. ಟಾರ್ಚಿನ ಬೆಳಕಿನಲ್ಲಿ 64 ಡಿಗ್ರಿಗೆ ಹಿಡಿದು ನೋಡಿದಾಗ ಹಲಸಿನ ಮರದ ಹೊಟ್ಟೆಯೇ ಎದುರಿಗೆ ಬಂತು.

ಡಿಸೆಂಬರ್ 25: ಮೀಟರ್ ಕೂಗಿತು, ಚಿತ್ರ ಬರಲಿಲ್ಲ

ವ್ಯಾನಿಗೆ ನೆರಳು ಬೇಕು, ಡಿಶ್ಶಿಗೆ ಬಯಲು ಬೇಕು. ಎರಡನ್ನೂ ಒಂದೇ ಕಡೆ ಇಡಬೇಕೆಂದು ಯಾರೂ ಹೇಳಿಲ್ಲ. ವ್ಯಾನನ್ನು ಹಲಸಿನ ಕೆಳಗೇ ಬಿಟ್ಟು, ಮುಕ್ಕಾಲಿಯನ್ನು ಕೊಯ್ಲಾದ ಗದ್ದೆಯ ನಡುವಿಗೆ ಒಯ್ದೆ. ಆಗ್ನೇಯದ ಕಡೆಗೆ ಅಡಿಕೆ ಮರಗಳ ಸಾಲಿದೆ. ಹದಿನೈದು ಮೀಟರ್ ಎತ್ತರದ ಮರ 64 ಡಿಗ್ರಿಯ ಕೋನಕ್ಕೆ ಅಡ್ಡ ಬರಬಾರದಾದರೆ ಅದರ ಬುಡದಿಂದ ಏಳೂಕಾಲು ಮೀಟರಾದರೂ ದೂರವಿರಬೇಕು. ನಾನು ಹತ್ತು ಹೆಜ್ಜೆ ಅಳೆದು ಇಟ್ಟೆ. ವ್ಯಾನಿನಿಂದ ಕೇಬಲಿನ ದೂರ ಹದಿನೆಂಟು ಮೀಟರ್ ಬಂತು. ಇಪ್ಪತ್ತು ಮೀಟರ್ ತಂದದ್ದು ಅದೃಷ್ಟ.

ಎತ್ತರದ ಕೋನವನ್ನು ಡಿಶ್ಶಿನ ಹಿಡಿಕೆಯಲ್ಲಿ ಅಚ್ಚು ಹಾಕಿದ ಅಂಕಿಗಳಿಂದ ನೋಡಬಾರದೆಂದು ಈ ಹೊತ್ತಿಗೆ ಬುದ್ಧಿ ಬಂದಿತ್ತು. ಗದ್ದೆಯ ನೆಲ ಸಮನಿಲ್ಲ. ಕಂಬ ಎರಡು ಡಿಗ್ರಿ ವಾಲಿದರೆ ಆ ಅಂಕಿಗಳೂ ಅಷ್ಟೇ ಸುಳ್ಳಾಗುತ್ತವೆ. ಮೊದಲು ಕಾಲುಗಳ ಕೆಳಗೆ ಹೆಂಚಿನ ಚೂರು ಇಟ್ಟು, ರಸಮಟ್ಟವನ್ನು ಕಂಬದ ಎರಡು ಬದಿಗೂ ಹಿಡಿದು ನೆಟ್ಟಗೆ ಮಾಡಿದೆ. ಆಮೇಲೆ ಡಿಶ್ಶನ್ನೇ ಅಳೆದೆ. ಅಗಲ 60, ಎತ್ತರ 65 ಸೆಂ.ಮೀ.; ಈ ಎರಡರ ಅನುಪಾತದಿಂದ ಅದರ ಆಫ್‌ಸೆಟ್ ಕೋನ 22.6 ಡಿಗ್ರಿ ಎಂದು ಸಿಗುತ್ತದೆ. 64.2ರಿಂದ ಅದನ್ನು ಕಳೆದರೆ ಮುಖ ಹಿಂದಕ್ಕೆ ಒರಗಬೇಕಾದದ್ದು 41.6 ಡಿಗ್ರಿ. ಇದನ್ನು ಅಳತೆಪಟ್ಟಿಯ ಭಾಷೆಗೆ ತಂದರೆ, ಡಿಶ್ಶಿನ ಮೇಲಂಚಿನಿಂದ ಇಳಿಬಿಟ್ಟ ತೂಗುಗುಂಡಿನ ದಾರವು ಕೆಳಅಂಚಿಗಿಂತ 43 ಸೆಂ.ಮೀ. ಹಿಂದೆ ಇರಬೇಕು. ಒಂದು ಡಿಗ್ರಿ ತಪ್ಪಿದರೆ ದಾರ ಸುಮಾರು ಎಂಟು ಮಿ.ಮೀ. ಸರಿಯುತ್ತದೆ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ವ್ಯತ್ಯಾಸ ಅದು.

ಹೀಗೆ ಎತ್ತರವನ್ನು ಎಚ್ಚರದಿಂದ ಕೂರಿಸಿದ ನಾನೇ ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಿಂದ ನೋಡಿದೆ, ಅದೂ ಮೊಬೈಲನ್ನು ಮುಕ್ಕಾಲಿಯ ಕಬ್ಬಿಣದ ಪೈಪಿಗೆ ತಾಗಿಸಿ ಹಿಡಿದು. 123 ಎಂದು ತೋರಿಸಿದ ಕಡೆಗೆ ಎಡಕ್ಕೆ ಬಲಕ್ಕೆ ಆಡಿಸಿದರೂ ಮೀಟರ್ ಸುಮ್ಮನಿತ್ತು. ಎತ್ತರದಲ್ಲಿಯೇ ತಪ್ಪಿರಬೇಕೆಂದುಕೊಂಡು, ಸರಿಯಾಗಿದ್ದ ಒಂದೇ ಅಳತೆಯನ್ನು ಕೈಯಾರೆ ಕೆಡಿಸಿ ಡಿಶ್ಶನ್ನು ಮೆಲ್ಲಗೆ ಮೇಲಕ್ಕೆ ಒರಗಿಸುತ್ತಾ ಹೋದೆ. ಒಂದು ಕಡೆ ಬಂದಾಗ ಮೀಟರ್ ಕಿವಿ ತೂತಾಗುವಂತೆ ಕೂಗಿತು. ಎಲ್ಲರೂ ಓಡಿ ಬಂದರು. ಬಾಕ್ಸಿಗೆ ಹಾಕಿ ನೋಡಿದರೆ ಸ್ಟ್ರೆಂತ್ 78, ಕ್ವಾಲಿಟಿ ಸೊನ್ನೆ.

ಅಲ್ಲಿಂದ ಮುಂದಿನ ನಾಲ್ಕು ಗಂಟೆಗಳಲ್ಲಿ ನಾನು ಮಾಡಿದ್ದು: ಮೂರು ಸಲ ಹುಡುಕಾಟ, ಬಾಕ್ಸನ್ನು ಮೂಲ ಸ್ಥಿತಿಗೆ ತಂದು ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಎಂದು ಕೈಯಿಂದ ತುಂಬಿಸುವುದು, ಎರಡೂ ಕನೆಕ್ಟರುಗಳನ್ನು ಕತ್ತರಿಸಿ ಹೊಸತು ಹಾಕುವುದು. ಹಾಗೆ ಹಾಕಿದ ಒಂದರಲ್ಲಿ ಹೊರಜಾಲರಿಯ ಕೂದಲಿನಷ್ಟು ಸಪೂರ ತಂತಿಯೊಂದು ನಡುತಂತಿಗೆ ತಾಗಿ ಶಾರ್ಟ್ ಆಗಿ, ಇದ್ದ ಸ್ಟ್ರೆಂತೂ ಹೋಯಿತು. ಅದನ್ನು ಹುಡುಕಲು ಮತ್ತೆ ಮುಕ್ಕಾಲು ಗಂಟೆ.

ಸಂಜೆ ಗದ್ದೆಯಲ್ಲಿ ಕೂತು ಸುಮ್ಮನೆ ತೂಗುಗುಂಡು ಇಳಿಬಿಟ್ಟು ಅಳೆದೆ. 43 ಇರಬೇಕಾದಲ್ಲಿ 50 ಸೆಂ.ಮೀ. ಇತ್ತು. ಟಾರ್ಚು ಹಿಡಿದು ಭಾವನೊಂದಿಗೆ ಗುಡ್ಡೆ ಹತ್ತಿ, ಮೊಬೈಲಿಗೆ ಎರಡು ಗೆರೆ ಬಂದ ಜಾಗದಲ್ಲಿ ಲೆಕ್ಕ ಹಾಕಿ ನೋಡಿದೆ. 50 ಸೆಂ.ಮೀ. ಎಂದರೆ ಎತ್ತರ ಸುಮಾರು 73 ಡಿಗ್ರಿ. ನಮ್ಮ ಜಾಗದಿಂದ ಆ ಎತ್ತರದಲ್ಲಿರುವುದು 83 ಡಿಗ್ರಿ ರೇಖಾಂಶದ ಉಪಗ್ರಹ, ಅದರ ದಿಕ್ಕು 148. ಅಂದರೆ ಕಬ್ಬಿಣದ ಪೈಪು ದಿಕ್ಸೂಚಿಯನ್ನು 25 ಡಿಗ್ರಿಯಷ್ಟು ಎಳೆದಿತ್ತು, ನಾನು ದಿನವಿಡೀ ಬೇರೆ ಉಪಗ್ರಹದ ಬಾಗಿಲು ತಟ್ಟುತ್ತಿದ್ದೆ. ಯಾವ ಉಪಗ್ರಹವಾದರೂ ಮೀಟರಿಗೆ ಒಂದೇ. ಕ್ವಾಲಿಟಿ ಎಂಬ ಎರಡನೆಯ ಪಟ್ಟಿ ಏರದಿದ್ದರೆ ಸ್ಟ್ರೆಂತಿಗೆ ಬೆಲೆಯಿಲ್ಲ.

ಡಿಸೆಂಬರ್ 26: ಕೋಲಿನ ನೆರಳು

ಗುಡ್ಡೆಯ ಮೇಲೆಯೇ ಇನ್ನೊಂದು ಲೆಕ್ಕವನ್ನೂ ಮಾಡಿಕೊಂಡು ಬಂದಿದ್ದೆ. ಸೂರ್ಯನೂ ಆಕಾಶದಲ್ಲಿ ದಿಕ್ಕು ತೋರಿಸುವವನೇ, ಅವನನ್ನು ಕಬ್ಬಿಣ ಎಳೆಯಲಾರದು. ಈ ದಿನಗಳಲ್ಲಿ ನಮ್ಮ ಜಾಗದಲ್ಲಿ ಸೂರ್ಯ ಸರಿಯಾಗಿ 123 ಡಿಗ್ರಿ ದಿಕ್ಕಿಗೆ ಬರುವುದು ಬೆಳಗ್ಗೆ 8 ಗಂಟೆ 44 ನಿಮಿಷದ ಹೊತ್ತಿಗೆ. ಆ ಹೊತ್ತಿಗೆ ಅವನು ಗಂಟೆಗೆ ಏಳು ಡಿಗ್ರಿಯಷ್ಟೇ ಪಕ್ಕಕ್ಕೆ ಸರಿಯುವುದರಿಂದ ಹತ್ತು ನಿಮಿಷ ಆಚೀಚೆಯಾದರೂ ತಪ್ಪು ಒಂದು ಡಿಗ್ರಿ ಮಾತ್ರ.

ಎಂಟೂಕಾಲರವರೆಗೆ ಹೊಳೆಯ ಮಂಜು ಗದ್ದೆಯನ್ನು ಬಿಡಲಿಲ್ಲ. ಮಂಜು ಹರಿದ ಮೇಲೆ ಅಡಿಕೆ ಮರಗಳ ನಡುವಿನಿಂದ ಬಿಸಿಲಿನ ಪಟ್ಟಿಗಳು ಬಿದ್ದವು. ಬಿಸಿಲು ತಾಗುವ ಜಾಗದಲ್ಲಿ ತೂಗುಗುಂಡು ಹಿಡಿದು ಕೋಲೊಂದನ್ನು ನೆಟ್ಟಗೆ ಊರಿ, 8.44ಕ್ಕೆ ಅದರ ನೆರಳಿನ ತುದಿಯಲ್ಲಿ ಒಂದು ಗೂಟ ಹೊಡೆದೆ. ಗೂಟದಿಂದ ಕೋಲಿನ ಬುಡಕ್ಕೆ ಎಳೆದ ಹಗ್ಗ ತೋರಿಸುವುದೇ ಉಪಗ್ರಹದ ದಿಕ್ಕು. ಮುಕ್ಕಾಲಿಯನ್ನು ಆ ಹಗ್ಗದ ಮೇಲೆಯೇ ಇಟ್ಟು, ಎಲ್.ಎನ್.ಬಿ.ಯ ತೋಳು ಹಗ್ಗಕ್ಕೆ ಸರಿಯಾಗಿ ನೇರ ಬರುವಂತೆ ತಿರುಗಿಸಿ, ತೂಗುಗುಂಡನ್ನು 43 ಸೆಂ.ಮೀ.ಗೆ ತಂದೆ. ಮೀಟರನ್ನು ಆನ್ ಮಾಡಿದ ಕೂಡಲೇ ಅದು ಕೂಗುತ್ತಲೇ ಇತ್ತು.

ಆದರೂ ಕ್ವಾಲಿಟಿ ಸೊನ್ನೆ. ಆಗ ನೆನಪಾದದ್ದು ಅಕ್ಟೋಬರಿನಲ್ಲಿ ನಾನು ಬಿಚ್ಚಿದ ಎಲ್.ಎನ್.ಬಿ. ಅದನ್ನು ತೋಳಿಗೆ ಮರಳಿ ಹಾಕುವಾಗ ಗುರುತನ್ನು ಸೊನ್ನೆಗೆ ಇಟ್ಟಿದ್ದೆ. ಸಮಭಾಜಕಕ್ಕೆ ಹತ್ತಿರದ ನಮ್ಮಂತಹ ಊರಿನಲ್ಲಿ, ಉಪಗ್ರಹ ದಕ್ಷಿಣಕ್ಕಿಂತ ಇಷ್ಟು ಪೂರ್ವಕ್ಕಿರುವಾಗ, ಬರುವ ಅಲೆಯ ವಾಲಿಕೆಗೆ ಹೊಂದುವಂತೆ ಎಲ್.ಎನ್.ಬಿ.ಯೂ ಸುಮಾರು 55 ಡಿಗ್ರಿ ವಾಲಿರಬೇಕು. ಅರ್ಧ ತಿರುಗಿ ಮಲಗಿದಂತೆ ಕಾಣುವ ಈ ವಾಲಿಕೆಯನ್ನು ನೋಡಿದವರಿಗೆ ಯಾರೋ ತಪ್ಪಾಗಿ ಹಾಕಿದ್ದಾರೆ ಎಂದೇ ಅನಿಸುತ್ತದೆ. ಡಿಶ್ಶಿನ ಬೆನ್ನ ಹಿಂದೆ, ಅದು ನೋಡುವ ಕಡೆಗೇ ಮುಖ ಮಾಡಿ ನಿಂತು, ಅಪ್ರದಕ್ಷಿಣೆಯಾಗಿ ಐದೈದು ಡಿಗ್ರಿ ತಿರುಗಿಸುತ್ತಾ ಹೋದೆ. ಮಗಳು ವ್ಯಾನಿನ ಬಾಗಿಲಲ್ಲಿ ನಿಂತು ಅಂಕಿ ಕೂಗುತ್ತಿದ್ದಳು. 30ರವರೆಗೆ ಸೊನ್ನೆ. 35ಕ್ಕೆ 22. 45ಕ್ಕೆ 51. 55ಕ್ಕೆ 71. 60ಕ್ಕೆ ಪುನಃ 68. ಹಿಂದಕ್ಕೆ ತಂದು 55ರಲ್ಲಿ ಬಿಗಿದೆ. ಎತ್ತರವನ್ನು ಕೂದಲೆಳೆಯಷ್ಟು ಸರಿಪಡಿಸಿದಾಗ 74ಕ್ಕೆ ನಿಂತಿತು. ಹುಡುಕಾಟ ಕೊಟ್ಟ ಮೇಲೆ ವಾಹಿನಿಗಳ ಪಟ್ಟಿ ಇಳಿಯುತ್ತಾ ಬಂದು, ಚಂದನ ಕಾಣಿಸಿದಾಗ ಗಂಟೆ 9.25.

ಕೂಡಲೇ ಮಾಡಿದ ಕೆಲಸ ಒಂದೇ: ಹೆಂಡತಿಯ ಕೆಂಪು ನೇಲ್ ಪಾಲಿಶಿನಿಂದ ಎಲ್.ಎನ್.ಬಿ. ಮತ್ತು ಅದರ ಹಿಡಿಕೆಯ ಮೇಲೆ ಅಡ್ಡಲಾಗಿ ಒಂದು ಗೆರೆ, ಎತ್ತರದ ಬೋಲ್ಟಿನ ಬಳಿ ಇನ್ನೊಂದು ಗೆರೆ.

ಸಂಜೆ ಅಪ್ಪ ಮಂಚದಲ್ಲಿ ಕಾಲು ಚಾಚಿ ವಾರ್ತೆಗೆ ಕೂತರು. ಮುಖ್ಯಾಂಶಗಳು ಮುಗಿಯುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಟಾರ್ಚು ಹಿಡಿದು ಹೋಗಿ ನೋಡಿದರೆ ಭಾವನ ಮನೆಯ ಕರು ಮುಕ್ಕಾಲಿಗೆ ಕುತ್ತಿಗೆ ಉಜ್ಜುತ್ತಾ ನಿಂತಿತ್ತು. ಕಾಲುಗಳಿಗೆ ಮರಳಿನ ಚೀಲ ಹೇರಿದ್ದರಿಂದ ಕಂಬ ಬಿದ್ದಿರಲಿಲ್ಲ, ಆದರೆ ಡಿಶ್ಶು ಕಂಬದ ಮೇಲೆಯೇ ತಿರುಗಿತ್ತು. ಸೈಕಲ್ ಟ್ಯೂಬಿನ ಲಾಭವೆಂದು ಮೇಲೆ ಬರೆದದ್ದು ಇಲ್ಲಿ ನಷ್ಟವಾಯಿತು. ಬೆಳಗ್ಗಿನ ಹಗ್ಗವನ್ನು ಬಿಚ್ಚದೆ ಬಿಟ್ಟಿದ್ದೆವು. ತೋಳನ್ನು ಹಗ್ಗಕ್ಕೆ ನೇರ ತಂದಾಗ ಎರಡು ನಿಮಿಷದಲ್ಲಿ ಚಿತ್ರ ಮರಳಿತು. ಅಷ್ಟರಲ್ಲಿ ಹವಾಮಾನ ವರದಿ ಬರುತ್ತಿತ್ತು. "ಒಣ ಹವೆಯಂತೆ" ಎಂದು ಹೇಳಿ ಅಪ್ಪ ಮಲಗಿದರು.

ಖರ್ಚು ಮತ್ತು ಉಳಿದ ಕೆಲಸ

ಉಪಯೋಗಕ್ಕೆ ಬಂದ ಸಾಮಾನುಗಳಿಗೆ 4,700 ರೂಪಾಯಿ. ಅಲಸಂಡೆ ಬಳ್ಳಿಯ ಆಂಟೆನಾ ಸೇರಿಸಿದರೆ 5,300. ಬಾಕ್ಸಿಗಾಗಿ ಕಾಸರಗೋಡಿಗೆ ಎರಡು ಸಲ ಹೋಗಿ ಬಂದ ಬಸ್ಸಿನ ಖರ್ಚನ್ನು ಬರೆದಿಟ್ಟಿಲ್ಲ.

ಜನವರಿಯಲ್ಲಿ ಅಂಗಳದಲ್ಲಿಯೇ ಎಲ್ಲವನ್ನೂ ಬಿಚ್ಚಿ ಪುನಃ ಜೋಡಿಸಿ ಸಮಯ ನೋಡಿದೆ: ಕೇಬಲು ಹಾಸುವುದೂ ಸೇರಿ 22 ನಿಮಿಷ. ಕೋಲಿನ ನೆರಳಿನ ಹೊತ್ತು ದಿನದಿಂದ ದಿನಕ್ಕೆ ಬದಲಾಗುವುದರಿಂದ, ಹೊರಡುವ ಮೊದಲೇ ಆಯಾ ದಿನಗಳ ಹೊತ್ತನ್ನು ಬರೆದು ವ್ಯಾನಿನ ಕಪಾಟಿನ ಬಾಗಿಲಿಗೆ ಅಂಟಿಸುತ್ತೇನೆ. ಮೋಡದ ದಿನಕ್ಕೆ ಮೊಬೈಲಿನ ದಿಕ್ಸೂಚಿಯೇ ಗತಿ; ಆದರೆ ವ್ಯಾನಿನಿಂದ ಮತ್ತು ಮುಕ್ಕಾಲಿಯಿಂದ ಹತ್ತು ಹೆಜ್ಜೆ ದೂರ ನಿಂತು ದಿಕ್ಕು ನೋಡಿ, ಅಲ್ಲಿಂದ ಕಾಣುವ ಒಂದು ಮರವನ್ನೋ ಬಂಡೆಯನ್ನೋ ಗುರುತು ಹಿಡಿದುಕೊಳ್ಳಬೇಕು. ಕಂಬದ ಮೇಲಿನ ಸೈಕಲ್ ಟ್ಯೂಬನ್ನು ತೆಗೆದು, ಹಿಡಿಕೆಗೆ ಸರಿಹೊಂದುವ ಕಬ್ಬಿಣದ ಬಳೆಯನ್ನು ಬೆಸೆಯಿಸುವುದು ಬಾಕಿಯಿದೆ. ಮುಳ್ಳೇರಿಯದ ವೆಲ್ಡಿಂಗಿನವರು ಜಾತ್ರೆ ಮುಗಿದ ಮೇಲೆ ಬನ್ನಿ ಎಂದಿದ್ದಾರೆ.